ನಾಯಿಯ ನಾಲಿಗೆ ಹೇಳಿದ ಜೋಳದ ಕಥೆ

ಮನೆಯೊಳಗೆ ಏನು ಅಡುಗೆ ಎಂದು ತಿಳಿಯಲು ಒಳಗೇ ಹೋಗಬೇಕೆಂದಿಲ್ಲ. ಅಂಗಳದ ಮೂಲೆಯಲ್ಲಿ ನಾಯಿಗೆಂದು ಇಟ್ಟ ಹಳೆಯ ತಾಟು ನೋಡಿದರೆ ಸಾಕು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಸೆರಗು ಇದು. ಹತ್ತು ಹದಿನೈದು ಮೈಲಿಗೆ ಊಟ ಬದಲಾಗುತ್ತದೆ, ನಾಯಿಯ ತಾಟೂ ಬದಲಾಗುತ್ತದೆ.

ಹಳಿಯಾಳದಿಂದ ಕಲಘಟಗಿ, ಧಾರವಾಡದ ಕಡೆಗೆ, ಮುಂಡಗೋಡದಿಂದ ಹಾನಗಲ್ಲ, ಶಿಗ್ಗಾವಿಯ ಕಡೆಗೆ ಸರಿದಂತೆಲ್ಲ ಅನ್ನದ ಜೊತೆಗೆ ಜೋಳದ ರೊಟ್ಟಿ ಬರುತ್ತದೆ. ಸೂಪಾ ಊರು ಅಣೆಕಟ್ಟಿನಲ್ಲಿ ಮುಳುಗಿದ ಮೇಲೆ ತಾಲ್ಲೂಕಿನ ಕೇಂದ್ರವಾದ ಜೋಯಿಡಾದ ಕಡೆ ಗಂಜಿ, ಅನ್ನ, ಕುಣಬಿಗಳು ಬೆಳೆಯುವ ಗೆಡ್ಡೆಗೆಣಸು. ಎಮ್ಮೆ ಸಾಕುವ ಗೌಳಿಗಳ ದಡ್ಡಿಗಳಲ್ಲಿ ಮಜ್ಜಿಗೆಗೆ ಬರವಿಲ್ಲ. 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದು ಊರಾಗಿ ಬೆಳೆದ ದಾಂಡೇಲಿಯಲ್ಲಿ (ಈಗ ಅದೂ ಒಂದು ತಾಲ್ಲೂಕು) ಕಾರವಾರದಿಂದ ಘಟ್ಟ ಹತ್ತಿ ಬರುವ ಮೀನು, ಕಾಲನಿಗಳಲ್ಲಿ ಚಹಾದ ಜೊತೆಯ ಬಿಸ್ಕತ್ತು. 1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ಕ್ಯಾಂಪುಗಳ ಸುತ್ತ ಗೋವಿನಜೋಳದ ಹೊಲಗಳು.

ಮನೆಯವರು ಉಂಡದ್ದನ್ನೇ ನಾಯಿಯೂ ಉಣ್ಣುತ್ತದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅದು ಪೂರ್ತಿ ನಿಜವಲ್ಲ. ಮನೆಯವರ ಊಟದಲ್ಲಿ ರೊಟ್ಟಿಯ ಜೊತೆ ಕಾಳಿನ ಪಲ್ಯ, ಸೊಪ್ಪು, ಶೇಂಗಾ ಚಟ್ನಿ, ಮೊಸರು ಇರುತ್ತವೆ. ಅವು ಮಿಗುವುದು ಅಪರೂಪ. ಮಿಗುವುದು ರೊಟ್ಟಿ ಮಾತ್ರ. ನಾಯಿಗೆ ಬೀಳುವುದೂ ಅದೇ. ಅಂದರೆ ಊರಿನ ಊಟದಿಂದ ರುಚಿಯನ್ನೂ ಪಕ್ಕದ ಪದಾರ್ಥಗಳನ್ನೂ ತೆಗೆದು, ಬರೀ ಧಾನ್ಯವನ್ನು ವರ್ಷವಿಡೀ ಉಣ್ಣಿಸಿದರೆ ದೇಹಕ್ಕೆ ಏನಾಗುತ್ತದೆ ಎಂಬ ಪ್ರಯೋಗ ನಮ್ಮ ಅಂಗಳಗಳಲ್ಲಿ ಯಾರೂ ಗಮನಿಸದೆಯೇ ನಡೆದುಕೊಂಡು ಬಂದಿದೆ. ಊಟದ ಜೊತೆಗಾರರನ್ನು ಕೊಳ್ಳಲಾಗದ ಬಡವನ ತಾಟಿಗೂ ನಾಯಿಯ ತಾಟಿಗೂ ಅಂತರ ಬಹಳವಿಲ್ಲ. ವಿಜ್ಞಾನಿಗಳು ಬಡವನ ಒಂದು ದೊಡ್ಡ ರೋಗವನ್ನು ನಾಯಿಯ ನಾಲಿಗೆಯ ಮೇಲೆ ಓದಿದ್ದು ಹೀಗೆ.

ಕಪ್ಪು ನಾಲಿಗೆ

ಆ ರೋಗದ ಹೆಸರು ಪೆಲಾಗ್ರ. ಬಿಸಿಲು ತಾಗುವ ಕೈ, ಕುತ್ತಿಗೆಯ ಚರ್ಮ ಸುಟ್ಟಂತಾಗಿ ಒರಟಾಗುತ್ತದೆ, ಭೇದಿ ಹತ್ತುತ್ತದೆ, ಕಡೆಗೆ ಬುದ್ಧಿಭ್ರಮಣೆ, ಸಾವು. ಗೋವಿನಜೋಳ ಅಮೆರಿಕ ಖಂಡದಿಂದ ಯುರೋಪಿಗೆ ಬಂದ ಮೇಲೆ ಈ ರೋಗವೂ ಅಲ್ಲಿ ಕಾಣಿಸಿತು. ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ 1735ರಲ್ಲಿ ಅದನ್ನು ಗುರುತಿಸಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಹತ್ತಿ ಹೊಲಗಳ ಮತ್ತು ಗಿರಣಿಗಳ ಬಡವರಲ್ಲಿ, ಅದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅವರ ಊಟ ಗೋವಿನಜೋಳದ ಹಿಟ್ಟು, ಕಾಕಂಬಿ, ಉಪ್ಪು ಹಾಕಿದ ಹಂದಿಯ ಕೊಬ್ಬು.

ಅದೇ ಸೀಮೆಯ ನಾಯಿಗಳಿಗೆ ಇನ್ನೊಂದು ರೋಗ ಬರುತ್ತಿತ್ತು. ಮೊದಲು ಊಟ ಬಿಡುತ್ತಿದ್ದವು. ತುಟಿಯ ಒಳಭಾಗ ಕೆಂಪಾಗಿ, ಬಾಯಿಯಿಂದ ದಾರದಂತೆ ಜೊಲ್ಲು ಸುರಿದು, ದುರ್ನಾತ ಹೊಡೆಯುತ್ತಿತ್ತು. ನಾಲಿಗೆಯ ಅಂಚು ಕೊಳೆತು ನೀಲಿಗಪ್ಪಾಗುತ್ತಿತ್ತು. ರಕ್ತಭೇದಿಯಾಗಿ ಸಾಯುತ್ತಿದ್ದವು. ಜನ ಅದನ್ನು ಕಪ್ಪು ನಾಲಿಗೆ ಎಂದು ಕರೆದರು. ಇದು ನಾಯಿಯ ಪೆಲಾಗ್ರವೇ ಇರಬಹುದೇ ಎಂದು ಉತ್ತರ ಕೆರೊಲಿನಾದ ಪಶುವೈದ್ಯ ಸ್ಪೆನ್ಸರ್ 1916ರಲ್ಲಿ ಕೇಳಿದ. ಊರ ಪಶುವೈದ್ಯನೊಬ್ಬ ಎತ್ತಿದ ಪ್ರಶ್ನೆ ಅದು. ಮುಂದಿನ ಇಪ್ಪತ್ತು ವರ್ಷಗಳ ಸಂಶೋಧನೆಯಲ್ಲಿ ಅದೇ ದಾರಿಯಾಯಿತು.

ಪೆಲಾಗ್ರ ಅಂಟುರೋಗವೆಂದೇ ಆಗ ಬಹುಮಂದಿ ನಂಬಿದ್ದರು. 1914ರಲ್ಲಿ ಸರಕಾರ ತನಿಖೆಗೆ ಕಳಿಸಿದ ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್ ಮಾತ್ರ ಒಂದು ವಿಷಯ ಗಮನಿಸಿದ. ಅನಾಥಾಲಯಗಳಲ್ಲಿ, ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳಿಗೆ ಪೆಲಾಗ್ರ ಬರುತ್ತಿತ್ತು, ಅವರ ನಡುವೆಯೇ ಓಡಾಡುವ ದಾದಿಯರಿಗೆ ಬರುತ್ತಿರಲಿಲ್ಲ. ದಾದಿಯರ ಊಟ ಬೇರೆ ಇತ್ತು. ಮಿಸಿಸಿಪ್ಪಿಯ ಅನಾಥಾಲಯಗಳ ಮಕ್ಕಳಿಗೆ ಹಾಲು, ಮೊಟ್ಟೆ, ಕಾಳು ಕೊಡಿಸಿದಾಗ ರೋಗ ಹೋಯಿತು. 1915ರಲ್ಲಿ ಅದೇ ರಾಜ್ಯದ ಒಂದು ಜೈಲಿನ ತೋಟದಲ್ಲಿ, ಬಿಡುಗಡೆಯ ಭರವಸೆಯ ಮೇಲೆ ಒಪ್ಪಿಕೊಂಡ ಕೈದಿಗಳಿಗೆ ಬರೀ ಹಿಟ್ಟಿನ ಊಟ ಹಾಕಿದಾಗ ಹಲವರಲ್ಲಿ ರೋಗ ಕಾಣಿಸಿತು. ಆದರೂ ವಿರೋಧಿಗಳು ಒಪ್ಪಲಿಲ್ಲ. ದಕ್ಷಿಣದ ಬಡತನವೇ ರೋಗಕ್ಕೆ ಕಾರಣ ಎಂಬ ಮಾತು ಅಲ್ಲಿನ ರಾಜಕಾರಣಿಗಳಿಗೂ ಹಿಡಿಸಲಿಲ್ಲ.

ಮನುಷ್ಯರ ಮೇಲೆ ಇನ್ನೆಷ್ಟು ಪ್ರಯೋಗ ಮಾಡಲಾದೀತು? ಗೋಲ್ಡ್‌ಬರ್ಗರ್ ನಾಯಿಗಳ ಕಡೆ ತಿರುಗಿದ. ಆ ಬಡವರ ಊಟವನ್ನೇ ನಾಯಿಗಳಿಗೂ ಹಾಕಿಸಿದ. ರುಚಿಯಿಲ್ಲದ ಆ ಹಿಟ್ಟನ್ನು ನಾಯಿಗಳು ಮುಟ್ಟದಿದ್ದಾಗ ಹಸಿವು ಹುಟ್ಟಲೆಂದು ಒಂದಿಷ್ಟು ಯೀಸ್ಟ್ ಬೆರೆಸಿದರು. ತಿನ್ನಲೇನೋ ತಿಂದವು, ಆದರೆ ರೋಗ ಬರಲಿಲ್ಲ! ಹಸಿವೆಗೆಂದು ಹಾಕಿದ್ದೇ ಔಷಧಿಯಾಗಿತ್ತು. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ಲಕ್ಷಾಂತರ ಜನ ನಿರಾಶ್ರಿತರಾದಾಗ ರೆಡ್‌ಕ್ರಾಸ್ ಸಂಸ್ಥೆ ಅವರಿಗೆ ಹಂಚಿದ್ದು ಈ ಅಗ್ಗದ ಯೀಸ್ಟನ್ನೇ. ಯೀಸ್ಟಿನಲ್ಲಿರುವ ಆ ವಸ್ತು ಯಾವುದು ಎಂದು ತಿಳಿಯುವ ಮೊದಲೇ, 1929ರಲ್ಲಿ ಗೋಲ್ಡ್‌ಬರ್ಗರ್ ತೀರಿಕೊಂಡ.

ಅದು ತಿಳಿದದ್ದು 1937ರಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಹ್‌ಜೆಮ್ ಮತ್ತು ಸಂಗಡಿಗರು ಪ್ರಾಣಿಗಳ ಪಿತ್ತಜನಕಾಂಗದ ಸಾರದಿಂದ ನಿಕೋಟಿನಿಕ್ ಆಮ್ಲವನ್ನು ಬೇರ್ಪಡಿಸಿ, ಕಪ್ಪು ನಾಲಿಗೆಯಿಂದ ಸಾಯುತ್ತಿದ್ದ ನಾಯಿಗೆ ಕೊಟ್ಟರು. ನಾಯಿ ಎದ್ದು ಉಂಡಿತು. ಕೆಲವೇ ತಿಂಗಳಲ್ಲಿ ಅದೇ ವಸ್ತು ಪೆಲಾಗ್ರ ರೋಗಿಗಳನ್ನೂ ಎಬ್ಬಿಸಿ ಕೂರಿಸಿತು. ಬಿ ಗುಂಪಿನ ಜೀವಸತ್ವಗಳಲ್ಲಿ ಒಂದಾದ ಇದನ್ನೇ ಇಂದು ನಯಾಸಿನ್ ಎನ್ನುತ್ತಾರೆ.

ಪಿತ್ತಜನಕಾಂಗ ಎಂದಾಗ ನಮ್ಮ ಕಾಡಂಚಿನ ಒಂದು ವಿಷಯ ನೆನಪಾಗಬೇಕು. ದಾಂಡೇಲಿಯ ಕಾಡಿನ ಸೀಳುನಾಯಿಗಳ ಹಿಂಡು ಜಿಂಕೆ ಹೊಡೆದರೆ ಹೊಟ್ಟೆ ಬಗೆದು ಒಳಗಿನ ಮೆತ್ತನೆಯ ಅಂಗಗಳಿಗೆ ಮೊದಲು ಬಾಯಿ ಹಾಕುತ್ತವೆ. 1972ರ ವನ್ಯಜೀವಿ ಕಾಯ್ದೆ ಬರುವ ಮುಂಚೆ ಬೇಟೆ ನಡೆಯುತ್ತಿದ್ದಾಗ ಜೊತೆಗೆ ಹೋದ ನಾಯಿಗೂ ಕರುಳು, ಈಲಿಯ ಚೂರು ಪಾಲು ಸಿಗುತ್ತಿತ್ತು. ನಯಾಸಿನ್ ಎಂಬ ಹೆಸರು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರುವ ಅಗತ್ಯವೂ ಇರಲಿಲ್ಲ. ಬೇಟೆ ನಿಂತದ್ದು ಸರಿಯೇ. ಆದರೆ ನಾಯಿಯ ತಾಟಿಗೆ ಅದರ ಬದಲು ಏನು ಬಂತು ಎಂದು ಯಾರೂ ಕೇಳಲಿಲ್ಲ.

ಜೋಳದ ಒಗಟು

ಇಲ್ಲಿಯವರೆಗಿನದು ಗೋವಿನಜೋಳದ ಕಥೆ. ಅದು ನಮ್ಮ ಬಿಳಿಜೋಳದ ತನಕ ಬಂದದ್ದು ದಖ್ಖನಿನಲ್ಲಿ.

ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೇನಾ ವೈದ್ಯ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ಆಹಾರದ ಸಂಶೋಧನೆ ಆರಂಭಿಸಿದ್ದ. ಅದು ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಯಿತು. ಇಂದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಇದೇ. ಹೈದರಾಬಾದಿಗೆ ಬಂದ ವಿಜ್ಞಾನಿಗಳಿಗೆ ಅಲ್ಲಿನ ಆಸ್ಪತ್ರೆಗಳಲ್ಲಿ ಪೆಲಾಗ್ರ ರೋಗಿಗಳು ಕಂಡರು. ಅವರು ಗೋವಿನಜೋಳ ತಿನ್ನುವವರಾಗಿರಲಿಲ್ಲ. ದಖ್ಖನಿನ ಬಡ ಕೂಲಿಕಾರರು, ಜೋಳವನ್ನೇ ನಂಬಿ ಬದುಕುವವರು.

ಇದು ಒಗಟಾಯಿತು. ಗೋವಿನಜೋಳದಲ್ಲಿ ನಯಾಸಿನ್ ಇದ್ದರೂ ಅದು ಬಿಗಿಯಾಗಿ ಕಟ್ಟಿಕೊಂಡಿರುತ್ತದೆ, ಕರುಳಿಗೆ ಸಿಗುವುದಿಲ್ಲ. ಮೆಕ್ಸಿಕೋದ ಜನ ಸುಣ್ಣದ ನೀರಿನಲ್ಲಿ ಬೇಯಿಸಿ ಅದನ್ನು ಬಿಡಿಸಿಕೊಳ್ಳುತ್ತಿದ್ದರು, ಹಾಗಾಗಿ ಅವರಿಗೆ ಪೆಲಾಗ್ರ ಬರುತ್ತಿರಲಿಲ್ಲ. ಇನ್ನು ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ದೇಹವೇ ನಯಾಸಿನ್ ತಯಾರಿಸಿಕೊಳ್ಳಬಲ್ಲದು. ಗೋವಿನಜೋಳದಲ್ಲಿ ಅದೂ ಕಡಿಮೆ. ಆದರೆ ಜೋಳದ ಸ್ಥಿತಿ ಹಾಗಿಲ್ಲ. ಪಾಲಿಶ್ ಮಾಡಿದ ಅಕ್ಕಿಗಿಂತ ಅದರಲ್ಲಿ ನಯಾಸಿನ್ ಹೆಚ್ಚು. ಹಾಗಿದ್ದರೆ ಅನ್ನ ಉಣ್ಣುವ ಬಡವನಿಗೆ ಬಾರದ ರೋಗ ರೊಟ್ಟಿ ಉಣ್ಣುವ ಬಡವನಿಗೆ ಯಾಕೆ?

ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಉತ್ತರ ಮುಂದಿಟ್ಟರು. ಜೋಳಕ್ಕೂ ಗೋವಿನಜೋಳಕ್ಕೂ ಸಮಾನವಾದ ಒಂದು ಗುಣ ಅವುಗಳ ಸಸಾರಜನಕದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಮಿತಿಮೀರಿ ಇರುವುದು. ಈ ಹೆಚ್ಚುವರಿ ಲ್ಯೂಸಿನ್ ದೇಹದಲ್ಲಿ ನಯಾಸಿನ್ ತಯಾರಾಗುವ ಮತ್ತು ಬಳಕೆಯಾಗುವ ಕೆಲಸಕ್ಕೆ ಅಡ್ಡ ಬರುತ್ತದೆ ಎಂಬುದು ಅವರ ವಾದ. ಒಂದು ಪೌಷ್ಟಿಕಾಂಶ ಇಲ್ಲದ್ದರಿಂದ ಮಾತ್ರವಲ್ಲ, ಇನ್ನೊಂದು ಹೆಚ್ಚಾದದ್ದರಿಂದಲೂ ರೋಗ ಬರಬಹುದು ಎಂಬುದು ಆ ಕಾಲಕ್ಕೆ ಹೊಸ ವಿಚಾರ.

ಸಾಕ್ಷಿ ಹೇಳಲು ಮತ್ತೆ ನಾಯಿಯೇ ಬೇಕಾಯಿತು. 1965ರಲ್ಲಿ ಭವಾನಿ ಬೆಳವಾಡಿ ಮತ್ತು ಗೋಪಾಲನ್ ಅವರು ಜೋಳದ ಆಹಾರ ಉಂಡ ನಾಯಿಗಳಲ್ಲಿ ಕಪ್ಪು ನಾಲಿಗೆ ರೋಗ ಬಂದುದನ್ನು ಪ್ರಕಟಿಸಿದರು. ಎರಡು ವರ್ಷಗಳ ನಂತರ, ಜೋಳವಿಲ್ಲದ ಆಹಾರಕ್ಕೆ ಬರೀ ಲ್ಯೂಸಿನ್ ಬೆರೆಸಿ ಉಣ್ಣಿಸಿದಾಗಲೂ ಮರಿಗಳಲ್ಲಿ ಅದೇ ರೋಗ ಕಾಣಿಸಿತೆಂದು ಬೆಳವಾಡಿ ಮತ್ತು ಸಂಗಡಿಗರು ತೋರಿಸಿದರು. ಜೋಳದ ತಳಿಗಳೆಲ್ಲ ಒಂದೇ ಅಲ್ಲವೆಂಬುದೂ ಮುಂದೆ ಗೊತ್ತಾಯಿತು. ಲ್ಯೂಸಿನ್ ಕಡಿಮೆ ಇರುವ ತಳಿಗಳು ನಾಯಿಗಳಿಗೆ ಅಷ್ಟು ಕಾಡಲಿಲ್ಲ.

ಈ ಸಿದ್ಧಾಂತವನ್ನು ಎಲ್ಲರೂ ಒಪ್ಪಿದರೆಂದಲ್ಲ. ಬೇರೆ ದೇಶದ ಪ್ರಯೋಗಾಲಯಗಳಲ್ಲಿ ನಾಯಿಗಳಿಗೆ ಹೆಚ್ಚು ಲ್ಯೂಸಿನ್ ಕೊಟ್ಟು ನೋಡಿದವರಿಗೆ ಅದೇ ಫಲ ಸಿಗಲಿಲ್ಲ. ಇನ್ನೊಂದು ಜೀವಸತ್ವವಾದ ಬಿ-6ರ ಪಾತ್ರವೂ ಇದೆ ಎಂದು ಹೈದರಾಬಾದಿನವರೇ ಮುಂದೆ ಹೇಳಿದರು. ಚರ್ಚೆ ಒಂದೇ ತೀರ್ಪಿಗೆ ಬಂದು ಮುಗಿದಿಲ್ಲ. ಅದೇನೇ ಇದ್ದರೂ ಎರಡು ವಿಷಯ ಉಳಿದವು. ಜೋಳ ಒಂದನ್ನೇ ಉಂಡ ನಾಯಿಯ ನಾಲಿಗೆ ಕಪ್ಪಾಗಬಹುದು. ಜೋಳದ ಜೊತೆ ಹಾಲು, ಕಾಳು, ಮಾಂಸ, ಮೊಟ್ಟೆ ಯಾವುದಾದರೂ ಒಂದು ಸೇರಿದರೆ ಆಗುವುದಿಲ್ಲ. ತಪ್ಪು ಜೋಳದ್ದಲ್ಲ, ಅದರ ಒಂಟಿತನದ್ದು. ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿಗೆ ಜುಣಕ, ಮಡಿಕೆಕಾಳು, ಮೊಸರು ಜೊತೆಯಾದದ್ದರ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಗೌಳಿ ದಡ್ಡಿಯ ನಾಯಿಯನ್ನು ಇಲ್ಲಿ ನೆನೆಯಬಹುದು. ಚಿರತೆಯಿಂದ ಎಮ್ಮೆ ಕರುಗಳನ್ನು ಕಾಯುವ ಆ ನಾಯಿಗೆ ಮಾಂಸ ಸಿಗುವುದು ಕಡಿಮೆ. ಆದರೆ ಮಜ್ಜಿಗೆ ಕಲಸಿದ ಅನ್ನವೋ ರೊಟ್ಟಿಯೋ ಸಿಗುತ್ತದೆ. ಹಾಲಿನ ಸಸಾರಜನಕದಲ್ಲಿ ಟ್ರಿಪ್ಟೊಫ್ಯಾನ್ ಸಮೃದ್ಧ, ಅದರಿಂದ ನಾಯಿಯ ದೇಹ ತನಗೆ ಬೇಕಾದ ನಯಾಸಿನ್ ಮಾಡಿಕೊಳ್ಳುತ್ತದೆ. ಹಸಿ ಹಾಲು ಕುಡಿಸಿದರೆ ದೊಡ್ಡ ನಾಯಿಗಳಿಗೆ ಭೇದಿಯಾಗುವುದುಂಟು, ಹಾಲಿನ ಸಕ್ಕರೆ ಅವಕ್ಕೆ ಜೀರ್ಣವಾಗದು. ಹುಳಿತ ಮಜ್ಜಿಗೆಯಲ್ಲಿ ಆ ಸಕ್ಕರೆ ಕಡಿಮೆ. ಬೆಣ್ಣೆ ತೆಗೆದು ಮಾರಿ, ಉಳಿದ ಮಜ್ಜಿಗೆಯನ್ನು ನಾಯಿಗೆ ಹುಯ್ಯುವ ಗೌಳಿ ಅರಿಯದೆಯೇ ಸರಿಯಾದ ಕೆಲಸ ಮಾಡುತ್ತಿದ್ದಾನೆ.

ಕನ್ನಡ ನಾಡು ನಾಯಿಯನ್ನು ಗೌರವಿಸದ ನಾಡೇನಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕ್ರಿ.ಶ. 949-50ರ ಸುಮಾರಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟಲೆಂದು ಕೆತ್ತಿಸಿದ್ದಾರೆ. ಹಾವೇರಿ ಸೀಮೆಯ ದೇವರಗುಡ್ಡದಲ್ಲಿ, ಮೈಲಾರದಲ್ಲಿ ಮೈಲಾರಲಿಂಗನ ಗೊರವಯ್ಯಗಳು ದೇವರ ನಾಯಿಗಳಾಗಿ ಬೊಗಳುತ್ತ, ದೋಣಿಯಲ್ಲಿ ಕಲಸಿದ ಹಾಲು, ತುಪ್ಪ, ಸಕ್ಕರೆ, ಬಾಳೆಹಣ್ಣಿಗೆ ಬಾಯಿ ಹಾಕುವುದನ್ನು ಓದುಗರು ನೋಡಿರಬಹುದು. ದೇವರ ನಾಯಿಗೆ ಹಾಲು ತುಪ್ಪ, ಮನೆಯ ನಾಯಿಗೆ ಒಣ ರೊಟ್ಟಿ!

ಬಿಸಿಲು ಸಾಲದ ಮರಿ

ಮನುಷ್ಯನ ಇನ್ನೊಂದು ರೋಗದ ಗುಟ್ಟನ್ನೂ ನಾಯಿಮರಿಗಳೇ ಬಿಟ್ಟುಕೊಟ್ಟವು. ಮಕ್ಕಳ ಕಾಲುಮೂಳೆ ಬಿಲ್ಲಿನಂತೆ ಬಾಗುವ ರಿಕೆಟ್ಸ್ ರೋಗ ಬ್ರಿಟನ್ನಿನ ಕೈಗಾರಿಕಾ ಪಟ್ಟಣಗಳಲ್ಲಿ ಮನೆಮಾತಾಗಿತ್ತು. ಎಡ್ವರ್ಡ್ ಮೆಲನ್‌ಬಿ 1918-19ರಲ್ಲಿ ಲಂಡನ್ನಿನಲ್ಲಿ ನಾಯಿಮರಿಗಳನ್ನು ಒಳಗೆ ಕೂಡಿಹಾಕಿ, ಸ್ಕಾಟ್‌ಲ್ಯಾಂಡಿನ ಬಡವರ ಓಟ್ಸ್ ಗಂಜಿ ಉಣ್ಣಿಸಿ ರಿಕೆಟ್ಸ್ ಬರಿಸಿದ. ಕಾಡ್ ಮೀನಿನ ಎಣ್ಣೆ ಕೊಟ್ಟು ವಾಸಿ ಮಾಡಿದ. ಆ ಎಣ್ಣೆಯೊಳಗಿನ ವಸ್ತುವಿಗೆ ನಂತರ ಡಿ ಜೀವಸತ್ವ ಎಂಬ ಹೆಸರು ಬಂತು.

ಬಿಸಿಲಿಗೆ ಬಿಟ್ಟಿದ್ದರೆ ಮರಿಗಳಿಗೆ ರೋಗವೇ ಬರುತ್ತಿರಲಿಲ್ಲ ಎಂದು ಕೆಲವರು ಆಕ್ಷೇಪಿಸಿದ್ದುಂಟು. ಮನುಷ್ಯನ ಮಟ್ಟಿಗೆ ಆ ಆಕ್ಷೇಪ ಸರಿ. ಆದರೆ ನಾಯಿ, ಬೆಕ್ಕುಗಳ ಚರ್ಮ ಬಿಸಿಲಿನಿಂದ ಡಿ ಜೀವಸತ್ವವನ್ನು ಬೇಕಾದಷ್ಟು ತಯಾರಿಸಲಾರದು ಎಂದು ಡಚ್ ಪಶುವೈದ್ಯ ವಿಜ್ಞಾನಿಗಳು 1990ರ ದಶಕದಲ್ಲಿ ತೋರಿಸಿದರು. ದಾಂಡೇಲಿಯ ಬೇಸಿಗೆಯ ಬಿಸಿಲಿನಲ್ಲಿ ದಿನವಿಡೀ ಹೊರಳಾಡಿದ ಮರಿಗೂ ಅದು ಆಹಾರದಿಂದಲೇ ಬರಬೇಕು. ಮೀನು, ಮೊಟ್ಟೆ, ಈಲಿ ಅದರ ಮೂಲ. ಬರೀ ಅನ್ನದ ಮೇಲೆ ಬೆಳೆದ ಮರಿಯಂತೆಯೇ, ಪ್ರೀತಿಯಿಂದ ಬರೀ ಮೂಳೆರಹಿತ ಮಾಂಸ ಹಾಕಿ ಬೆಳೆಸಿದ ಮರಿಯ ಕಾಲೂ ಸೊಟ್ಟಗಾಗುತ್ತದೆ. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ತೀರಾ ಕಡಿಮೆ. ದುಡ್ಡು ಖರ್ಚು ಮಾಡಿ ತಂದುಕೊಂಡ ಕೊರತೆ ಇದು.

ಇಲಿ ಇರುವ ತನಕ

ಬೆಕ್ಕಿನ ವಿಷಯವೇ ಬೇರೆ. ಸಾವಿರಾರು ವರ್ಷ ಮನುಷ್ಯನ ಒಲೆಯ ಬಳಿ ಬದುಕಿದ ನಾಯಿ ಸ್ವಲ್ಪಮಟ್ಟಿಗೆ ಧಾನ್ಯಕ್ಕೆ ಒಗ್ಗಿಕೊಂಡಿದೆ. ಪಿಷ್ಟವನ್ನು ಕರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರ ತನಕ ಇರುತ್ತವೆ ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಬೆಕ್ಕು ಮನುಷ್ಯನ ಕಣಜಕ್ಕೆ ಬಂದದ್ದು ಧಾನ್ಯಕ್ಕಲ್ಲ, ಧಾನ್ಯ ತಿನ್ನುವ ಇಲಿಗೆ. ಅದರ ದೇಹ ಇಂದಿಗೂ ಬೇಟೆಗಾರನದೇ. ಟ್ರಿಪ್ಟೊಫ್ಯಾನಿನಿಂದ ಬೇಕಾದಷ್ಟು ನಯಾಸಿನ್ ಮಾಡಿಕೊಳ್ಳಲಾರದು. ಗಜ್ಜರಿ, ಸೊಪ್ಪಿನಿಂದ ಎ ಜೀವಸತ್ವ ಪಡೆಯಲಾರದು. ಟಾರಿನ್ ಎಂಬ ವಸ್ತುವನ್ನು ಸಾಕಷ್ಟು ತಯಾರಿಸಲಾರದು.

ಟಾರಿನ್ ಇಲ್ಲದ ಆಹಾರ ತಿಂದ ಬೆಕ್ಕುಗಳ ಕಣ್ಣಿನ ಒಳಪರೆ ಸವೆದು ಕುರುಡಾಗುವುದನ್ನು ಅಮೆರಿಕದಲ್ಲಿ ಹೇಯ್ಸ್ ಮತ್ತು ಸಂಗಡಿಗರು 1975ರಲ್ಲಿ ಕಂಡುಹಿಡಿದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಪಿಯಾನ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಹೃದಯ ಬಲೂನಿನಂತೆ ಹಿಗ್ಗಿ ಸಾಯುತ್ತಿದ್ದ ಬೆಕ್ಕುಗಳಿಗೆ ಟಾರಿನ್ ಕೊಟ್ಟಾಗ ಹೃದಯ ಮತ್ತೆ ಸರಿಯಾಯಿತು. ಹೃದ್ರೋಗವೊಂದು ಆಹಾರದಿಂದ ಹೀಗೆ ವಾಸಿಯಾದದ್ದು ವೈದ್ಯಲೋಕಕ್ಕೆ ಅಚ್ಚರಿ. ಆ ಬೆಕ್ಕುಗಳಲ್ಲಿ ಅನೇಕವು ತಿನ್ನುತ್ತಿದ್ದದ್ದು ಹೆಸರಾಂತ ಕಂಪನಿಗಳ ತಯಾರಿ ಆಹಾರವನ್ನೇ! ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದ ಮೇಲೆ ಆ ರೋಗ ಬಹುಮಟ್ಟಿಗೆ ಮರೆಯಾಯಿತು. ಕಣ್ಣಿಗೆ ಆದ ಹಾನಿ ಮಾತ್ರ ಹಿಂದಿರುಗಿ ಬಾರದು.

ಹಾಗಾದರೆ ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಮೊಸರನ್ನ ಉಂಡು ಹತ್ತಾರು ವರ್ಷ ಬದುಕಿದ ಬೆಕ್ಕುಗಳ ಗುಟ್ಟೇನು? ಮೊಸರನ್ನ ಅದರ ಊಟವೇ ಆಗಿರಲಿಲ್ಲ. ಅಟ್ಟದ ಮೇಲೆ ಭತ್ತದ ಮೂಟೆ, ಮೂಟೆಯ ಸಂದಿಯಲ್ಲಿ ಇಲಿ. ಇಲಿಯ ಮೈಯಲ್ಲಿ ಟಾರಿನ್ ಹೇರಳ. ರಾತ್ರಿ ಅಟ್ಟದಲ್ಲಿ ನಿಜವಾದ ಊಟ ಮುಗಿಸಿ, ಬೆಳಗ್ಗೆ ಸೌಜನ್ಯಕ್ಕೆಂಬಂತೆ ಮೊಸರನ್ನ ನೆಕ್ಕುತ್ತಿದ್ದ ಬೆಕ್ಕನ್ನು ಮನೆಯವರು ಸಸ್ಯಾಹಾರಿ ಎಂದು ಹೊಗಳುತ್ತಿದ್ದರು. ಮನೆ ಕಾಂಕ್ರೀಟಾಗಿ, ಅಟ್ಟ ಹೋಗಿ, ಅಕ್ಕಿ ಅಂಗಡಿಯಿಂದ ಪೊಟ್ಟಣದಲ್ಲಿ ಬಂದ ಮೇಲೆ, ಬಾಗಿಲು ಹಾಕಿದ ಕ್ವಾರ್ಟರ್ಸಿನಲ್ಲಿ ಅದೇ ಮೊಸರನ್ನ ಉಂಡ ಬೆಕ್ಕಿನ ಕಣ್ಣು ಕತ್ತಲಾಗುತ್ತದೆ. ಪೆಟ್ಟು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಡವಾಗಿ ಬೀಳುವುದರಿಂದ ಊಟದ ಮೇಲೆ ಅನುಮಾನ ಹೋಗುವುದೇ ಇಲ್ಲ.

ಮೀನೂಟದ ಮನೆಯ ಬೆಕ್ಕು ಈ ಮಟ್ಟಿಗೆ ಅದೃಷ್ಟವಂತ. ಆದರೆ ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ-1 ಜೀವಸತ್ವವನ್ನು ಒಡೆದುಹಾಕುವ ಕಿಣ್ವವಿರುತ್ತದೆ. ದಿನವೂ ಅದನ್ನೇ ತಿಂದರೆ ಬೆಕ್ಕಿನ ಕುತ್ತಿಗೆ ಬಗ್ಗಿ, ನಡಿಗೆ ತೂರಾಡಿ, ಸೆಳವು ಬರಬಹುದು. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಮೀನು ಹೆಚ್ಚುವವರು ತಲೆ, ಕರುಳನ್ನು ಹಸಿಯಾಗಿಯೇ ಎಸೆಯುವ ಬದಲು ಒಂದು ಕುದಿ ಬರಿಸಿದರೆ ಸಾಕು.

ಲಂಘನವೋ, ಗಂಜಿಯೋ

ಕೊರತೆಯ ರೋಗಕ್ಕೆ ಕೊರತೆ ತುಂಬುವುದು ಒಂದು. ಬೇರೆ ಕಾರಣದಿಂದ ಬಂದ ರೋಗವನ್ನು ಊಟದಿಂದ ಹತೋಟಿಯಲ್ಲಿಡುವುದು ಇನ್ನೊಂದು. ಎರಡನೆಯದರ ಇತಿಹಾಸ ಒಬ್ಬ ಕುರುಡನ ನಾಯಿಯಿಂದ ಆರಂಭವಾಗುತ್ತದೆ. 1940ರ ಆಸುಪಾಸಿನಲ್ಲಿ ಮಾರಿಸ್ ಫ್ರಾಂಕ್ ಎಂಬಾತ ಅಮೆರಿಕದ ಊರೂರು ತಿರುಗಿ ಅಂಧರಿಗೆ ದಾರಿ ತೋರುವ ನಾಯಿಗಳ ಬಗ್ಗೆ ಪ್ರಚಾರ ಮಾಡುತ್ತಿದ್ದ. ಅವನ ಬಡ್ಡಿಯ ಮೂತ್ರಪಿಂಡ ಕೆಡುತ್ತ ಬಂದಿತ್ತು (ತನ್ನ ನಾಯಿಗಳಿಗೆಲ್ಲ ಅವನು ಇದೇ ಹೆಸರು ಇಡುತ್ತಿದ್ದ). ನ್ಯೂಜೆರ್ಸಿಯ ಪಶುವೈದ್ಯ ಮಾರ್ಕ್ ಮಾರಿಸ್ ಸಸಾರಜನಕ, ಉಪ್ಪು ಮಿತವಾಗಿರುವ ಊಟ ತಯಾರಿಸಿಕೊಟ್ಟ. ಗಾಜಿನ ಭರಣಿಯಲ್ಲಿ ಕಳಿಸಿದರೆ ದಾರಿಯಲ್ಲಿ ಒಡೆಯುತ್ತಿದ್ದುದರಿಂದ ತಗಡಿನ ಡಬ್ಬಿಗೆ ತುಂಬಿದ. 1948ರಲ್ಲಿ ಕ್ಯಾನ್ಸಸ್ಸಿನ ಕಂಪನಿಯೊಂದು ಅದನ್ನು ಮಾರಾಟಕ್ಕೆ ತಂದಿತು. ಇಂದು ಹುಬ್ಬಳ್ಳಿಯ ಅಂಗಡಿಗಳಲ್ಲೂ ಸಿಗುವ, ರೋಗಕ್ಕೊಂದರಂತೆ ಬೇರೆ ಬೇರೆ ಚೀಲಗಳ ಮೂಲ ಇದೇ. ಮೂತ್ರಪಿಂಡದ ರೋಗದಲ್ಲಿ ಸಸಾರಜನಕದಷ್ಟೇ ರಂಜಕವನ್ನೂ ತಗ್ಗಿಸಬೇಕೆಂಬುದು ನಂತರ ತಿಳಿಯಿತು. 2002ರಲ್ಲಿ ಮಿನ್ನೆಸೊಟಾದಲ್ಲಿ 38 ನಾಯಿಗಳ ಮೇಲೆ ನಡೆದ ಅಧ್ಯಯನದಲ್ಲಿ ಇಂಥ ಊಟ ಉಂಡವು ಮಾಮೂಲಿ ಊಟದವುಗಳಿಗಿಂತ ಹೆಚ್ಚು ಕಾಲ ಬದುಕಿದವು.

ಹಳ್ಳಿಯ ಮರಿಗಳನ್ನು ಕೊಲ್ಲುವುದು ಮೂತ್ರಪಿಂಡದ ರೋಗವಲ್ಲ. ಪಾರ್ವೋ. 1978ರಲ್ಲಿ ಜಗತ್ತಿನಾದ್ಯಂತ ಒಮ್ಮೆಗೇ ಕಾಣಿಸಿಕೊಂಡ ಈ ವೈರಾಣು 1980ರ ದಶಕದ ಆರಂಭಕ್ಕೆಲ್ಲ ಭಾರತ ತಲುಪಿತ್ತು. ವಾಂತಿ, ರಕ್ತಭೇದಿಯಿಂದ ಎರಡು ಮೂರು ದಿನಗಳಲ್ಲಿ ಮರಿ ಬಾಡಿಹೋಗುತ್ತದೆ. ವಾಂತಿ ನಿಲ್ಲುವ ತನಕ ಬಾಯಿಗೆ ಏನೂ ಹಾಕಬಾರದೆಂಬುದು ಪಶುವೈದ್ಯರ ಬಹುಕಾಲದ ನಿಯಮ. ಮನೆಯ ಹಿರಿಯರ 'ಲಂಘನಂ ಪರಮೌಷಧಂ' ಎಂಬ ಮಾತಿಗೂ ಅದು ಹೊಂದುತ್ತಿತ್ತು. 2003ರಲ್ಲಿ ದಕ್ಷಿಣ ಆಫ್ರಿಕದ ಪಶುವೈದ್ಯರು 30 ನಾಯಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಉಪವಾಸ ಹಾಕಿದ 15ರಲ್ಲಿ 13 ಬದುಕಿದವು. ಮೂಗಿನ ನಳಿಕೆಯಿಂದ ಮೊದಲ ದಿನದಿಂದಲೇ ತೆಳುವಾದ ಆಹಾರ ಕೊಟ್ಟ 15ಕ್ಕೆ 15 ಬದುಕಿದವು. ಸಂಖ್ಯೆ ಸಣ್ಣದು, ಬದುಕು ಸಾವಿನ ಲೆಕ್ಕದಲ್ಲಿ ಇಷ್ಟರಿಂದಲೇ ಖಚಿತವಾಗಿ ಹೇಳಲು ಬಾರದು. ಆದರೆ ಆಹಾರ ಪಡೆದವು ಬೇಗ ಚೇತರಿಸಿಕೊಂಡದ್ದು, ತೂಕ ಪಡೆದದ್ದು ಸ್ಪಷ್ಟವಿತ್ತು. ಕರುಳಿನ ಒಳಪದರ ತನ್ನ ಆಹಾರವನ್ನು ಕರುಳಿನೊಳಗಿಂದಲೇ ಬಹುಮಟ್ಟಿಗೆ ಪಡೆಯುತ್ತದೆ. ಖಾಲಿ ಬಿಟ್ಟರೆ ಅದೇ ಉಪವಾಸ ಬೀಳುತ್ತದೆ.

ಇದರಿಂದ ಗಂಜಿಯೇ ಪಾರ್ವೋಕ್ಕೆ ಮದ್ದು ಎಂದು ಯಾರೂ ತಿಳಿಯಬಾರದು. ಮೈಯ ನೀರು ಬತ್ತಿದ ಮರಿಗೆ ಮೊದಲು ಸಲೈನ್ ಬೇಕು, ಪಶು ಆಸ್ಪತ್ರೆ ಬೇಕು. ಪಾರ್ವೋ, ಡಿಸ್ಟೆಂಪರ್, ಹುಚ್ಚುನಾಯಿ ರೋಗಗಳಿಗೆ ಲಸಿಕೆಯ ಬದಲು ಇಡಬಹುದಾದ ಊಟ ಯಾವುದೂ ಇಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಹಳ್ಳಿಗಳಲ್ಲಿ ಇದಕ್ಕೆ ಇನ್ನೂ ಮಹತ್ವವಿದೆ. ಊರ ನಾಯಿಯ ಡಿಸ್ಟೆಂಪರ್ ಕಾಡಿನ ಸೀಳುನಾಯಿಗೂ ತಗಲಬಲ್ಲದು.

ನಾಯಿಯ ಹೊಟ್ಟೆಗೆ ತುಪ್ಪ ದಕ್ಕೀತೇ ಎಂಬ ಗಾದೆ ಎಲ್ಲರಿಗೂ ಗೊತ್ತು. ಗಾದೆ ಅರ್ಧ ಮಾತ್ರ ಸರಿ. ಆರೋಗ್ಯವಂತ ನಾಯಿ ಕೊಬ್ಬನ್ನು ಮನುಷ್ಯನಷ್ಟೇ ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ಆದರೆ ದಿನವೂ ಒಣ ರೊಟ್ಟಿ ಉಂಡು, ಹಬ್ಬದ ದಿನ ಒಮ್ಮೆಗೇ ಹೋಳಿಗೆ ತುಪ್ಪವನ್ನೋ ಕುರಿಯ ಕೊಬ್ಬನ್ನೋ ತಿಂದರೆ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ತುತ್ತಾಗುವುದುಂಟು. ಹೊಟ್ಟೆ ಬಗ್ಗಿಸಿ ನಿಂತು, ವಾಂತಿ ಮಾಡುವ ನಾಯಿಯನ್ನು ಕಂಡೇ ಹಿರಿಯರು ಗಾದೆ ಕಟ್ಟಿರಬೇಕು. ಹಬ್ಬದ ಸಾರಿನೊಳಗಿನ ಈರುಳ್ಳಿಯ ಬಗ್ಗೆ ಮಾತ್ರ ಗಾದೆ ಹುಟ್ಟಲಿಲ್ಲ. ಅದು ನಾಯಿ, ಬೆಕ್ಕುಗಳ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

ಇತ್ತೀಚೆಗೆ ಕಥೆ ಇನ್ನೊಂದು ತಿರುವು ಪಡೆದಿದೆ. ಧಾನ್ಯ ನಾಯಿಗೆ ಸಲ್ಲದು ಎಂಬ ಪ್ರಚಾರ ಶ್ರೀಮಂತ ದೇಶಗಳಲ್ಲಿ ಹಬ್ಬಿ, ಧಾನ್ಯ ತೆಗೆದು ಬಟಾಣಿ, ಬೇಳೆ, ಆಲೂಗಡ್ಡೆ ತುಂಬಿದ ಆಹಾರ ಮಾರುಕಟ್ಟೆಗೆ ಬಂತು. ಅದನ್ನು ತಿಂದ ಕೆಲವು ನಾಯಿಗಳಲ್ಲಿ ಹೃದಯ ಹಿಗ್ಗುವ ರೋಗ ಕಾಣಿಸಿಕೊಂಡುದರಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಎಚ್ಚರಿಕೆ ಪ್ರಕಟಿಸಿ ತನಿಖೆಗೆ ಇಳಿಯಿತು. ನಾಲ್ಕು ವರ್ಷಗಳ ನಂತರವೂ ಕಾರಣವನ್ನು ಸ್ಥಾಪಿಸಲು ಮಾಹಿತಿ ಸಾಲದೆಂದು, ಹೊಸದೇನಾದರೂ ಸಿಕ್ಕರೆ ಮಾತ್ರ ಮತ್ತೆ ಹೇಳುವುದಾಗಿ ತಿಳಿಸಿತು. ಒಂದು ಕಾಲಕ್ಕೆ ಬರೀ ಧಾನ್ಯ ಉಣ್ಣಿಸಿ ನಾಲಿಗೆ ನೋಡಿದವರು, ಈಗ ಧಾನ್ಯವನ್ನೇ ತೆಗೆದು ಹೃದಯ ನೋಡುತ್ತಿದ್ದಾರೆ. ಹಳಿಯಾಳದ ಅಂಗಳದಲ್ಲಿ ನಿನ್ನೆಯ ರೊಟ್ಟಿ ಮುರಿದು ಹಾಕುವವರು ಅದರ ಮೇಲೆ ಒಂದು ಸೌಟು ಮಜ್ಜಿಗೆಯನ್ನೋ, ಬೇಯಿಸಿದ ಮೊಟ್ಟೆಯ ಅರ್ಧವನ್ನೋ, ಕುದಿಸಿದ ಮೀನಿನ ತಲೆಯನ್ನೋ ಸೇರಿಸಲು ಆ ತನಿಖೆ ಮುಗಿಯುವ ತನಕ ಕಾಯಬೇಕಾಗಿಲ್ಲ.